ಸೆರಗಿಗೆಷ್ಟು ಎಸ್‌ಪಿಎಫ್?

ಬಾದಾಮಿ ಬನಶಂಕರಿ ಗುಡಿಯ ಎದುರು, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ಬಾಗಲಕೋಟೆಯಿಂದ ಬೈಕಿನಲ್ಲಿ ಬಂದ ಹುಡುಗ ರೊಟ್ಟಿ ಮಾರುವ ಅಜ್ಜಿಯ ಮುಂದೆ ಕೂತ. ಮುಖ ಸುಣ್ಣ ಬಳಿದ ಗೋಡೆಯಂತಿತ್ತು.

"ಏನ್ ಹಚ್ಗೊಂಡೀಯೋ ತಮ್ಮಾ?"

"ಸನ್‌ಸ್ಕ್ರೀನ್, ಆಯಿ. ಎಸ್‌ಪಿಎಫ್ 50. ಮುಂಜಾನೆ ಏಳಕ್ಕ ಹಚ್ಚೀನಿ, ಬಿಸಲು ಮುಟ್ಟಂಗಿಲ್ಲ."

"ಕಿವಿಗೆ? ಕುತ್ತಿಗಿಗೆ?"

"ಅವು ಫೋಟೋದಾಗ ಕಾಣಂಗಿಲ್ಲ."

ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕೆಂಬುದು ಟ್ಯೂಬಿನ ಬೆನ್ನ ಮೇಲೇ ಇತ್ತು, ಸಣ್ಣ ಅಕ್ಷರದಲ್ಲಿ. ದಪ್ಪ ಅಕ್ಷರದ್ದು 50 ಮಾತ್ರ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಯುವಿಬಿ ಕಿರಣಗಳನ್ನು ಸುಮಾರು ಶೇ. 97ರಷ್ಟು ತಡೆಯುತ್ತದೆ, 50 ಶೇ. 98ರಷ್ಟು. ಹುಡುಗ ಹೆಚ್ಚುವರಿ ದುಡ್ಡು ಕೊಟ್ಟದ್ದು ಆ ಒಂದಕ್ಕೆ!

"ಮಳಿಗಾಲದಾಗ?"

"ಬಿಸಲೆಲ್ಲಿರ್ತೈತಿ ಆಯಿ?"

ಮೋಡ ಬಿಸಿಲನ್ನು ಮರೆಮಾಡುತ್ತದೆ. ಯುವಿಯನ್ನು ಪೂರ್ತಿ ತಡೆಯುವುದಿಲ್ಲ.

"ಇದರಿಂದ ಬೆಳ್ಳಗಾಗ್ತೀಯೇನು?"

"ಹಂಗನ್ನಬಾರದು. ಫೇರ್ ಅಂಡ್ ಲವ್ಲಿನೂ 2020ರಾಗ ಗ್ಲೋ ಅಂಡ್ ಲವ್ಲಿ ಆತು."

"ಹೆಸರಿಗೆ ಬಣ್ಣ ಹಚ್ಚಿದ್ರನ್ನು!"

ಅಜ್ಜಿ ಇಳಕಲ್ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಇದು ಎಷ್ಟು ಎಸ್‌ಪಿಎಫ್, ಆಯಿ?"

"ಯಾರಿಗೊತ್ತು? ಹುನಗುಂದ ಸಂತ್ಯಾಗ ತಗೊಂಡಿದ್ದು. ಎರಡು ತಾಸಿಗೊಮ್ಮೆ ಹಚ್ಚಂಗಿಲ್ಲ."

ಒತ್ತಾಗಿ ನೇಯ್ದ ಬಟ್ಟೆ ಒಳ್ಳೆಯ ತಡೆಯೆಂದು ಚರ್ಮವೈದ್ಯರೂ ಹೇಳುತ್ತಾರೆ. ಅವರಿಗೆ ಫೀಜು ಕೊಡಬೇಕು. ಹುಡುಗ ಬಾದಾಮಿಯ ಗುಹೆಗಳ ಮೆಟ್ಟಿಲು ಹತ್ತಲು ಎದ್ದ.

"ನಾಕರ ಮ್ಯಾಲೆ ಹೋಗೋ, ತಂಪಾಗ್ತೈತಿ."

"ಆಗ ರೀಲ್ಸಿಗೆ ಬೆಳಕು ಸಾಲಂಗಿಲ್ಲ, ಆಯಿ."