ಕೂರಬೇಡಿ, ದಯವಿಟ್ಟು ಕೂರಿ

ನವಿ ಮುಂಬಯಿಯ ರಬಾಳೆ ಎಂಐಡಿಸಿಯ ಒಳರಸ್ತೆಯ ಶೆಡ್ಡೊಂದರಲ್ಲಿ ನಿಂತಿರುವ ಪ್ರೀಮಿಯರ್ ಪದ್ಮಿನಿಯೊಳಗೆ ಯಾರೂ ಕೂರುವಂತಿಲ್ಲ. ಇದು ಯಜಮಾನರ ಆಜ್ಞೆ. ಹೊಸ ರೆಕ್ಸಿನ್ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ಹಳೇ ಬೆಡ್‌ಶೀಟು. ಬಾಗಿಲ ಹಿಡಿ ಮುಟ್ಟಿದವರ ಬೆರಳಚ್ಚನ್ನು ಅವರು ಕರ್ಚೀಫಿನಿಂದ ಒರೆಸುವ ಪರಿ ನೋಡಿಯೇ ಭಜನಾ ಮಂಡಳಿಯ ಗೆಳೆಯರು ಆ ಕಡೆ ತಲೆಹಾಕುವುದನ್ನು ಬಿಟ್ಟಿದ್ದರು.

ಮೋಹಕ್ಕೆ ಚರಿತ್ರೆಯ ಬೆಂಬಲವಿದೆ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಹೊರಬಂದ ಕಾರು ನಡುವೆ ಪ್ರೆಸಿಡೆಂಟ್ ಎನಿಸಿಕೊಂಡು 1974ರಲ್ಲಿ ಪದ್ಮಿನಿಯಾಯಿತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಯಜಮಾನರದು ಪದ್ಮಿನಿಯ ಆ ಮೊದಲ ವರ್ಷದ್ದೇ ಗಾಡಿ. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. 20,000 ರೂಪಾಯಿ ಕಟ್ಟಿದರೆ ‘ವಿಎ’ ಸರಣಿಯ ನಂಬರು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಹಾಗಾಗಿ ‘ಮಾರುತಿ ಎಂಜಿನ್ ಕೂರಿಸಿಬಿಡಿ ಸಾರ್’ ಎಂದವರಿಗೆಲ್ಲ ಶೆಡ್ಡಿನ ಬಾಗಿಲು ಮುಚ್ಚಿದೆ.

ಬಿಡಿಭಾಗ ಬೇಕಾದರೆ ಕುರ್ಲಾದ ಸಿಎಸ್‌ಟಿ ರಸ್ತೆಗೇ ಹೋಗಬೇಕು. ಅಲ್ಲಿ ಸಿಗುವುದರಲ್ಲಿ ಬಹುಪಾಲು ಒಡೆದುಹಾಕಿದ ಟ್ಯಾಕ್ಸಿಗಳ ಅಂಗಾಂಗ. ಮುಂಬಯಿಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ಮರೆಯಾಯಿತು. ಟ್ಯಾಕ್ಸಿಗೆ ಅಲ್ಲಿ ಇಪ್ಪತ್ತೇ ವರ್ಷ ಆಯುಸ್ಸು. ಎಸಿ ಇಲ್ಲವೆಂದು ಹತ್ತದೆ ಬಿಟ್ಟವರೇ ಆ ವಾರ ಅದರ ಬಾನೆಟ್ಟಿಗೆ ಒರಗಿ ಸೆಲ್ಫಿ ತೆಗೆಸಿಕೊಂಡರು. ಅದನ್ನು ಓಡಿಸಿಯೇ ಮಕ್ಕಳನ್ನು ಓದಿಸಿದ ಚಾಲಕನ ಹೆಸರು ಕೇಳುವ ವ್ಯವಧಾನ ಎಷ್ಟು ಮಂದಿಗಿತ್ತೋ. ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಕೊಹಿನೂರ್ ಸಿಟಿ. ಪಕ್ಕದ ಪ್ರೀಮಿಯರ್ ರಸ್ತೆ ಹೆಸರನ್ನಷ್ಟೇ ಉಳಿಸಿಕೊಂಡಿದೆ.

ಸಿಎಸ್‌ಟಿ ರಸ್ತೆಯಿಂದ ತಂದ ಕಮಾನ್ ಪಾಟಾಗಳನ್ನು, ಅಂದರೆ ಹಿಂದಿನ ಆಕ್ಸಲ್ಲನ್ನು ಹೊರುವ ಉಕ್ಕಿನ ಪಟ್ಟಿಗಳ ಕಟ್ಟನ್ನು, ಯಜಮಾನರು ಸ್ವಹಸ್ತದಿಂದಲೇ ಜೋಡಿಸಿದರು. ಹೊಸ ರಬ್ಬರ್ ಬುಷ್, ಹೊಸ ಶ್ಯಾಕಲ್, ಹೊಸ ಯು-ಬೋಲ್ಟ್. ಸ್ಪ್ಯಾನರಿಗೆ ಗಜದುದ್ದದ ಪೈಪು ತೂರಿಸಿ, ಹಲ್ಲು ಕಚ್ಚಿ, ಭೀಮಬಿಗಿ ಬಿಗಿದರು. ಜಾಕ್ ಇಳಿಸಿದರು.

ಗಾಡಿಯ ಹಿಂಭಾಗ ಇಳಿಯಲಿಲ್ಲ. ಮೂತಿ ನೆಲಕ್ಕೆ, ಡಿಕ್ಕಿ ಆಕಾಶಕ್ಕೆ. ಕೆರೆಗೆ ಬಗ್ಗಿದ ಎಮ್ಮೆಯ ಭಂಗಿ. ಪಟ್ಟಿ ಒಂದು ಜಾಸ್ತಿಯಾಗಿದೆ ಎಂದರು ಒಬ್ಬರು. ಶಾಕ್ ಅಬ್ಸಾರ್ಬರ್ ಜಾಮ್ ಎಂದರು ಇನ್ನೊಬ್ಬರು. ಶೆಡ್ಡಿನ ವಾಸ್ತು ನೋಡಿಸಿ ಎಂದವರೂ ಉಂಟು.

ಕೊನೆಗೆ ಬಂದ ಮಿಸ್ತ್ರಿ ಗುಂಡಿಗಿಳಿದು, ಬೀಡಿ ಕಿವಿಗೆ ಸಿಕ್ಕಿಸಿ, ಟಾರ್ಚು ಬಿಟ್ಟು ಒಂದೇ ಪ್ರಶ್ನೆ ಕೇಳಿದ: “ಟೈಟ್ ಕಬ್ ಕಿಯಾ, ಸೇಠ್?”

ಜಾಕ್ ಮೇಲಿದ್ದಾಗಲೇ. ಚಕ್ರ ಗಾಳಿಯಲ್ಲಿ ತೂಗುತ್ತಿದ್ದಾಗಲೇ.

ರೋಗ ಅಲ್ಲೇ ಇತ್ತು. ಬುಷ್‌ನೊಳಗಿನ ಉಕ್ಕಿನ ಕೊಳವೆಯನ್ನು ಬೋಲ್ಟು ಅದುಮಿ ಹಿಡಿಯುತ್ತದೆ. ಪಟ್ಟಿ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ನಡುವಿನ ರಬ್ಬರು. ಆಕ್ಸಲ್ ಜೋತಾಡುತ್ತಿರುವಾಗ ಬಿಗಿದರೆ ಅದೇ ತನ್ನ ಸಹಜಸ್ಥಿತಿ ಎಂದು ರಬ್ಬರು ಹಟ ಹಿಡಿಯುತ್ತದೆ. ಗಾಡಿ ಇಳಿಯಲು ಹೊರಟರೆ ತಡೆಯುತ್ತದೆ, ದಿನಗಳೆದಂತೆ ಹರಿದೂ ಹೋಗುತ್ತದೆ. ನಟ್ಟು ಸಡಿಲಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಆಮೇಲೆ ಬಿಗಿಯಬೇಕು.

“ಆದ್ಮಿ ಬಿಠಾವ್,” ಎಂದ ಮಿಸ್ತ್ರಿ.

ಯಜಮಾನರು ಫೋನೆತ್ತಿದರು. ‘ಸ್ವಲ್ಪ ಬಂದು ಕೂತು ಹೋಗ್ತೀರಾ?’ ಎಂಬ ಅವರ ದನಿಯಲ್ಲಿದ್ದ ವಿನಯವನ್ನು ಮಂಡಳಿ ಅದುವರೆಗೆ ಕೇಳಿರಲಿಲ್ಲ. ಮೂವರು ಬಂದರು, ಅವಸರವಿಲ್ಲದೆ. ಖಜಾಂಚಿಯವರಿಗೆ ಕಿಟಕಿಯೇ ಬೇಕು. ಕಾರ್ಯದರ್ಶಿಗೆ ಪ್ಲಾಸ್ಟಿಕ್ಕಿನ ಮೇಲೆ ಸೆಕೆ, ಹಾಳೆ ತೆಗೆಸಿದರು. “ಮೋಟಾ ಆದ್ಮಿ ಬೀಚ್ ಮೆ!” ಎಂದು ಗುಂಡಿಯಿಂದ ಅಶರೀರವಾಣಿ ಬಂದಾಗ ಮೂವರೂ ಪರಸ್ಪರರತ್ತ ನೋಡಿದರು, ಯಾರೂ ಅಲುಗಲಿಲ್ಲ. ಯಜಮಾನರೇ ಬಾಯಿಬಿಟ್ಟು ಹೇಳಬೇಕಾಯಿತು. ಖಜಾಂಚಿಯವರು ಕಿಟಕಿ ಕಳೆದುಕೊಂಡರು. ಡಿಕ್ಕಿಗೆ ಎರಡು ಮೂಟೆ ಸೋನಾ ಮಸೂರಿ ಬಂತು. ಪಟ್ಟಿಗಳು ಪಳಗಲಿ ಎಂದು ಮಿಸ್ತ್ರಿ ಕುಲುಕಲು ಹೇಳಿದ. ಕುಲುಕಿದರು. ತಾಳದವರ ಕೈ ಸುಮ್ಮನಿರದೆ ಏಕತಾಳ ಶುರುವಾಯಿತು, ಕಾರ್ಯದರ್ಶಿ ಪಲ್ಲವಿ ಎತ್ತಿಕೊಂಡರು, ಪದ್ಮಿನಿ ಲಯಬದ್ಧವಾಗಿ ಕುಣಿಯಿತು. “ಬಸ್, ಬಸ್!” ಎಂದು ಮಿಸ್ತ್ರಿ ಕೂಗಿದ್ದು ಚರಣ ಮುಗಿಯುವವರೆಗೆ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಉಸಿರು ಬಿಗಿಹಿಡಿದ ಮೌನ. ಕೆಳಗೆ ನಟ್ಟುಗಳು ಒಂದೊಂದಾಗಿ ಕೂತವು.

ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವಿನ ಸಂದು ಎರಡೂ ಕಡೆ ಸಮ. ಇನ್ನಷ್ಟು ಓಡಿದ ಮೇಲೆ ಯು-ಬೋಲ್ಟನ್ನು ಮತ್ತೊಮ್ಮೆ ಬಿಗಿಸಿ ಎಂದು ಹೇಳಿ ಮಿಸ್ತ್ರಿ ಕಿವಿಯ ಬೀಡಿ ಹಚ್ಚಿದ.

“ಸರಿ, ಐರೋಲಿ ಸೇತುವೆ ತನಕ ಒಂದು ರೌಂಡು ಬಿಡಿ,” ಎಂದರು ಖಜಾಂಚಿ, ಆಸೀನರಾಗಿಯೇ.

“ಪೆಟ್ರೋಲ್ ಟ್ಯಾಂಕ್ ಬೆಸುಗೆಗೆ ಹೋಗಿದೆ. ಬರೋದು ಮುಂದಿನ ವಾರ.”

“ಅದಕ್ಕೇನಂತೆ,” ಎಂದು ಖಜಾಂಚಿ ಕಾಲು ಚಾಚಿದರು. “ಚಹಾ ಹೇಳಿ. ಜೊತೆಗೆ ವಡಾಪಾವ್.”