ಅಜೆರಾತ್‌ನಲ್ಲಿ ಮನೆ, ಹಾಲ್ಕುರಿಕೆಯಲ್ಲಿ ಬೀಗ

‘ಮಿಡ್‌ನೈಟ್’ ಎಂಬುದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದ ಹನ್ನೊಂದನೆಯ ವಿಸ್ತರಣೆ. ಆಡುವವರ ಬಾಯಲ್ಲಿ ಎಕ್ಸ್‌ಪ್ಯಾನ್ಷನ್. ಮೂಲ ಆಟ ಬಂದದ್ದು 2004ರ ನವೆಂಬರ್ 23ರಂದು. ಅಲ್ಲಿಂದೀಚೆಗೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಅಜೆರಾತ್ ಎಂಬ ಅದರ ಕಲ್ಪಿತ ಲೋಕಕ್ಕೆ ಹೊಸ ಸೀಮೆ, ಹೊಸ ಕುಲ, ಹೊಸ ರಾಕ್ಷಸರು ಸೇರುತ್ತಾ ಬಂದಿದ್ದಾರೆ. 2023ರ ನವೆಂಬರಿನಲ್ಲಿ ಅನಹೈಮ್‌ನ ಬ್ಲಿಜ್‌ಕಾನ್ ಸಮಾವೇಶದಲ್ಲಿ ಆಟದ ಕಥೆಗಾರ ಕ್ರಿಸ್ ಮೆಟ್ಜೆನ್ ಮೂರು ಭಾಗಗಳ ಕಥಾನಕವೊಂದನ್ನು ಘೋಷಿಸಿದರು. ಮೊದಲನೆಯದು ‘ದಿ ವಾರ್ ವಿದಿನ್’, 2024ರ ಆಗಸ್ಟಿನಲ್ಲಿ ಬಂತು. ಎರಡನೆಯದು ಮಿಡ್‌ನೈಟ್, ಅದರ ಬಿಡುಗಡೆಯ ದಿನ 2026ರ ಮಾರ್ಚ್ 2. ಮೂರನೆಯದು ‘ದಿ ಲಾಸ್ಟ್ ಟೈಟನ್’.

ಆಟ ತಯಾರಿಸುವ ಬ್ಲಿಜಾರ್ಡ್ ಸಂಸ್ಥೆ ಇರುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ಅದೇ ಊರಿನಲ್ಲಿ ಕನ್ನಡದ ಮನೆಗಳೂ ಇವೆ. ಮಿಡ್‌ನೈಟ್ ಅಂಥ ಮನೆಯಲ್ಲಿ ಯಾವ ಅಭಿಪ್ರಾಯ ಹುಟ್ಟಿಸುತ್ತದೆ ಎಂದು ತಿಳಿಯಲು ಹಾಲ್ಕುರಿಕೆ ಕಡೆಯ ಒಂದು ಮಾದರಿ ಮನೆಯನ್ನು ಇಟ್ಟುಕೊಳ್ಳುವುದು ಅನುಕೂಲ. ಹಾಲ್ಕುರಿಕೆ ತಿಪಟೂರು ತಾಲ್ಲೂಕು ಹೊನ್ನವಳ್ಳಿ ಹೋಬಳಿಯ ಊರು. ಅಲ್ಲಿ ಕೆರೆ ಬಿಟ್ಟರೆ ತೋಟ, ತೋಟ ಬಿಟ್ಟರೆ ಕೊಬ್ಬರಿ ಮಾತು. ಮಾದರಿ ಮನೆಯಲ್ಲಿ ಸಾಫ್ಟ್‌ವೇರಿನ ಅಪ್ಪ, ಲೆಕ್ಕಪತ್ರ ನೋಡುವ ಅಮ್ಮ, ಒಂಬತ್ತನೇ ಕ್ಲಾಸಿನ ಮಗ ಖಾಯಂ ಸದಸ್ಯರು. ತಾತ ಮತ್ತು ಅಜ್ಜಿ ಆರು ತಿಂಗಳ ವೀಸಾದ ಸದಸ್ಯರು. ಚಳಿಗಾಲದಲ್ಲಿ ಬರುವ ಅವರಿಗೆ ಕಾರು ಓಡಿಸಲು ಬಾರದು, ನಡೆದು ಹೋಗಲು ಅಂಗಡಿಯಿಲ್ಲ, ಜಗುಲಿಯಿಲ್ಲ. ಆದ್ದರಿಂದ ಮೊಮ್ಮಗ ಕೂತಿರುವ ಪರದೆಯ ಎದುರು ಇವರೂ ಕೂರುತ್ತಾರೆ. ಆಟದ ಬಗ್ಗೆ ಈ ಮನೆಯಲ್ಲಿ ಕೇಳಿಬರುವ ವಿಮರ್ಶೆಯಲ್ಲಿ ತೂಕವುಳ್ಳದ್ದೆಲ್ಲ ಹೀಗೆ ಕೂತವರದು.

ಕಥೆಯ ಸಾರ ಇಷ್ಟು. ಝಲಟಾಥ್ ಎಂಬ ಮಾಯಾವಿನಿ ಶೂನ್ಯಲೋಕದ ಸೇನೆ ಕಟ್ಟಿಕೊಂಡು ಎಲ್ಫ್‌ಗಳ ನಾಡಾದ ಕ್ವೆಲ್‌ಥಲಾಸ್ ಮೇಲೆ ಬರುತ್ತಾಳೆ. ಅವಳ ಕಣ್ಣು ಸನ್‌ವೆಲ್ ಎಂಬ ಬೆಳಕಿನ ಬಾವಿಯ ಮೇಲೆ. ಎಲ್ಫ್‌ಗಳ ಬಲವೆಲ್ಲ ಆ ಬಾವಿಯಲ್ಲಿದೆ. ಒಮ್ಮೆ ಅದು ಕೆಟ್ಟು, ನಾಶವಾಗಿ, 2008ರ ಕಥಾಭಾಗದಲ್ಲಿ ಮತ್ತೆ ಬೆಳಗಿತು. ಇಷ್ಟನ್ನು ಮಗ ತನ್ನ ಅರೆಗನ್ನಡದಲ್ಲಿ ವಿವರಿಸುವಾಗ ಅಪ್ಪ ಫೋನು ನೋಡುತ್ತಿರುತ್ತಾನೆ, ತಾತ ಮಾತ್ರ ನೆಟ್ಟಗೆ ಕೂರುತ್ತಾರೆ. ಬತ್ತಿದ ಬಾವಿಗೆ ಮತ್ತೆ ನೀರು ಬಂದದ್ದು, ಅದಕ್ಕಾಗಿ ನಾಲ್ಕು ಊರು ಬಡಿದಾಡಿದ್ದು ಅವರಿಗೆ ಕಲ್ಪನೆಯೇ ಅಲ್ಲ. ಕೊಳವೆಬಾವಿ ಸೋತ ಮೇಲೆ ಹೇಮಾವತಿ ನಾಲೆಯ ನೀರಿಗೆ ಕಾದು ಕೂತ ಸೀಮೆ ಅವರದು. ಅವರ ಮೊದಲ ಪ್ರಶ್ನೆ, “ಎಷ್ಟು ಅಡಿಗೆ ಸಿಕ್ತಂತಪ್ಪ ನೀರು?” ಆಟದ ಯಾವ ಆಕರದಲ್ಲೂ ಇದಕ್ಕೆ ಉತ್ತರವಿಲ್ಲ. ಅಜ್ಜಿಯ ಆಸಕ್ತಿ ಝಲಟಾಥ್ ಕಡೆಗೆ. ಅವಳು ಬಹುಕಾಲ ಒಂದು ಮಾತಾಡುವ ಚೂರಿಯೊಳಗೆ ಸೆರೆಯಾಗಿದ್ದಳು ಎಂದು ತಿಳಿದಾಗ ಅಜ್ಜಿ, “ಪಾಪ, ಅಷ್ಟು ವರ್ಷ ಕೂಡಿಹಾಕಿದ್ರೆ ಇನ್ನೇನು ಮಾಡ್ತಾಳೆ” ಎಂದು ಎದುರು ಪಕ್ಷದ ವಕಾಲತ್ತು ವಹಿಸುತ್ತಾರೆ.

ಹೊಸ ವಿಸ್ತರಣೆಯ ಸೀಮೆಗಳು ನಾಲ್ಕು: ಎವರ್‌ಸಾಂಗ್ ಕಾಡು, ಝುಲ್‌ಅಮಾನ್, ಹರಂದರ್, ವಾಯ್ಡ್‌ಸ್ಟಾರ್ಮ್. ರಾಜಧಾನಿ ಸಿಲ್ವರ್‌ಮೂನ್. 2007ರ ವಿಸ್ತರಣೆಯಲ್ಲಿ ಈ ನಗರದ ಅರ್ಧ ಪಾಳುಬಿದ್ದಿತ್ತು. ಅದನ್ನೀಗ ಪೂರ್ತಿ ಎತ್ತಿ ಕಟ್ಟಿದ್ದಾರೆ. ಹಂಪೆಯನ್ನು ಯಾಕೆ ಹೀಗೆ ಕಟ್ಟಬಾರದು ಎಂದು ಅಪ್ಪ ಈ ಸಂದರ್ಭದಲ್ಲಿ ಕೇಳುತ್ತಾನೆ. ಹೊರದೇಶದ ಅಪ್ಪಂದಿರು ಹಂಪೆಯ ಮಾತೆತ್ತಲು ಇಂಥ ಸಂದರ್ಭವೇ ಬೇಕೆಂದೇನೂ ಇಲ್ಲ. ಹರಂದರ್ ಎಂಬುದು ನೆಲದಡಿಯ ನಾಡು. ಲೋಕವೃಕ್ಷಗಳ ಬೇರುಗಳು ಕೂಡುವ ಜಾಗ. ಅಲ್ಲಿ ಹರನೀರ್ ಎಂಬ ಕುಲ ವಾಸವಾಗಿದೆ, ಸುತ್ತಲೂ ಹೊಳೆಯುವ ಅಣಬೆಗಳ ಕಾಡು. ಕಲಾವಿದರು ಹೆಚ್ಚು ಶ್ರಮಪಟ್ಟಿರುವುದು ಇಲ್ಲಿಯೇ ಎಂದು ನೋಡಿದವರಿಗೆ ತೋರುತ್ತದೆ. ತಿಪಟೂರು ಸೀಮೆಯ ಕಣ್ಣಿಗೆ ಮಾತ್ರ ಮರದ ಬುಡದಲ್ಲಿ ಅಣಬೆ ಎದ್ದರೆ ಅದು ಸೌಂದರ್ಯವಲ್ಲ, ಅಣಬೆ ರೋಗ. ಬುಡದ ಬೇರಿನಿಂದ ಹತ್ತುವ ಈ ರೋಗಕ್ಕೆ ಸಿಕ್ಕ ತೆಂಗು ಗರಿ ಜೋತುಬಿಟ್ಟು, ಕಾಂಡದಿಂದ ಕಂದು ಅಂಟು ಸೋರಿಸಿ, ಬುಡದಲ್ಲಿ ಅಣಬೆ ತೋರುವ ಹೊತ್ತಿಗೆ ಕೈಬಿಟ್ಟಂತೆಯೇ. ತಾತನ ಸಲಹೆ ಖಚಿತವಾಗಿರುತ್ತದೆ: ರೋಗದ ಮರದ ಸುತ್ತ ಕಂದಕ ತೆಗೆಯಬೇಕು, ಪಕ್ಕದ ಮರಗಳ ಬುಡಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸುರಿಯಬೇಕು, ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಜೊತೆ ಹಾಕಬೇಕು. ಲೋಕವೃಕ್ಷದ ಗಾತ್ರಕ್ಕೆ ಎಷ್ಟು ಹಿಂಡಿ ಎಂದು ಮೊಮ್ಮಗ ಲೆಕ್ಕ ಹಾಕತೊಡಗುತ್ತಾನೆ. ಗಣಿತದ ಹೋಮ್‌ವರ್ಕ್ ಪಕ್ಕದಲ್ಲೇ ಬಿದ್ದಿರುತ್ತದೆ.

ಆಟದ ಒಳವ್ಯವಸ್ಥೆಯ ಬದಲಾವಣೆಗಳು ಆಡುವವರಿಗೆ ದೊಡ್ಡವು, ಕೂತು ನೋಡುವವರಿಗೆ ಸಣ್ಣವು. ಪಾತ್ರದ ಗರಿಷ್ಠ ಮಟ್ಟ 80ರಿಂದ 90ಕ್ಕೆ ಏರುತ್ತದೆ. ಹರನೀರ್ ಕುಲದವರಾಗಿ ಆಡಬಹುದು. ಡೀಮನ್ ಹಂಟರ್ ಎಂಬ ವರ್ಗದ ಪಾತ್ರಕ್ಕೆ ಮೂರನೆಯ ವಿದ್ಯೆಯೊಂದು ದಕ್ಕಿದೆ. ಕಾದಾಟದಲ್ಲಿ ಯಾವಾಗ ಏನು ಮಾಡಬೇಕೆಂದು ಕಿವಿಯಲ್ಲಿ ಹೇಳಿಕೊಡುತ್ತಿದ್ದ ಹೊರಗಿನ ತಂತ್ರಾಂಶಗಳ ಕೈಯನ್ನು ಬ್ಲಿಜಾರ್ಡ್ ಕಟ್ಟಿಹಾಕಿದೆ. ಇನ್ನು ಮುಂದೆ ಆಟಗಾರ ಸ್ವಂತ ಬುದ್ಧಿಯಿಂದ ಆಡಬೇಕು. ಈ ಸುದ್ದಿಯನ್ನು ಮಗ ದುಃಖದಿಂದಲೂ ಅಮ್ಮ ಸಂತೋಷದಿಂದಲೂ ಕೇಳುತ್ತಾರೆ.

ಮನೆಮಂದಿಯೆಲ್ಲ ಒಟ್ಟಾಗಿ ಬಾಯಿ ಹಾಕುವುದು ವಸತಿಯ ವಿಷಯಕ್ಕೆ. ಎರಡು ದಶಕ ಈ ಆಟದಲ್ಲಿ ಯಾರಿಗೂ ಸ್ವಂತ ಮನೆ ಇರಲಿಲ್ಲ. ರಾಕ್ಷಸರನ್ನು ಕೊಂದು, ರಾಜರನ್ನು ಉಳಿಸಿ, ಕೊನೆಗೆ ಛತ್ರದಲ್ಲಿ ಮಲಗಬೇಕಿತ್ತು. 2014ರ ವಿಸ್ತರಣೆಯಲ್ಲಿ ಗ್ಯಾರಿಸನ್ ಎಂಬ ಪಾಳೆಯವನ್ನು ಕೊಟ್ಟಿದ್ದರು; ಅದು ಮನೆಯಲ್ಲ, ಸರ್ಕಾರಿ ಕ್ವಾರ್ಟರ್ಸ್. ಮಿಡ್‌ನೈಟ್ ಜೊತೆ ನಿಜವಾದ ಮನೆ ಬರುತ್ತದೆಂದು 2024ರ ನವೆಂಬರಿನಲ್ಲಿ ಪ್ರಕಟಿಸಿದರು. ಮುಂಗಡ ಕೊಂಡವರಿಗೆ 2025ರ ಡಿಸೆಂಬರ್ ಮೊದಲ ವಾರದಲ್ಲೇ ಬಾಗಿಲು ತೆರೆಯಿತು. ಒಂದು ಬಡಾವಣೆಯಲ್ಲಿ ಸುಮಾರು ಐವತ್ತು ನಿವೇಶನ. ಅಲಯನ್ಸ್ ಮತ್ತು ಹೋರ್ಡ್ ಎಂಬ ಎರಡೂ ಪಕ್ಷಗಳ ನೆಲದಲ್ಲಿ ಒಂದೊಂದರಂತೆ ಒಬ್ಬ ಆಟಗಾರನಿಗೆ ಎರಡು ಮನೆ.

ಹಂಚಿಕೆಯ ನಿಯಮಗಳನ್ನು ಓದಿದರೆ ಕರ್ನಾಟಕದಲ್ಲಿ ನಿವೇಶನಕ್ಕೆ ಅರ್ಜಿ ಹಾಕಿದ ಯಾರಿಗೂ ಕಣ್ಣು ತುಂಬಿ ಬರಬೇಕು. ಲಾಟರಿ ಇಲ್ಲ, ದುಬಾರಿ ಬೆಲೆ ಇಲ್ಲ, ನಿರ್ವಹಣೆಯ ಹೊರೆ ಇಲ್ಲ, ಚಂದಾ ನಿಲ್ಲಿಸಿದರೂ ಮನೆ ಜಪ್ತಿಯಾಗುವುದಿಲ್ಲ. ಈ ಕೊನೆಯ ಮಾತಿಗೆ ಹಿನ್ನೆಲೆಯಿದೆ. 1997ರ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಯಜಮಾನ ಬಾರದ ಮನೆ ಶಿಥಿಲವಾಗಿ ಕುಸಿಯುತ್ತಿತ್ತು. ಒಳಗಿನ ಸಾಮಾನಿಗಾಗಿ ಜನ ಹೊರಗೆ ಕಾದು ನಿಲ್ಲುತ್ತಿದ್ದರು. ಎದುರಾಳಿ ಆಟವಾದ ‘ಫೈನಲ್ ಫ್ಯಾಂಟಸಿ 14’ರಲ್ಲಿ ಯಜಮಾನ 45 ದಿನ ಮನೆಯೊಳಗೆ ಕಾಲಿಡದಿದ್ದರೆ ಮನೆಯನ್ನು ಕೆಡವುತ್ತಾರೆ. ಇದನ್ನು ಕೇಳಿದಾಗ ಮಾದರಿ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ತಾತ ಅಜ್ಜಿ ಬಂದಾಗಿನಿಂದ ಹಾಲ್ಕುರಿಕೆಯ ಮನೆಗೆ ಬೀಗ. ಕೀಲಿ ಪಕ್ಕದ ಮನೆಯಲ್ಲಿ. ಕೊನೆಗೆ ತಾತ ಹೇಳುತ್ತಾರೆ: “ನಲವತ್ತೈದು ದಿನ ಅಂತ ನಮ್ಮಲ್ಲೂ ಮಾಡಿದ್ರೆ, ನಮ್ಮ ಬೀದಿಲಿ ಮೂರು ಮನೆ ಉಳೀತವೆ ಕಣಪ್ಪ. ಅದರಲ್ಲಿ ಒಂದು ಸೊಸೈಟಿ.”

ಒಡೆತನದ ಕಾನೂನನ್ನೂ ಇಲ್ಲಿಯೇ ಹೇಳಬೇಕು. ಅಪ್ಪ ಅಮೆರಿಕದ ಪೌರನಾಗಿ ಓಸಿಐ ಕಾರ್ಡು ಹಿಡಿದವನಾದರೆ, ಭಾರತದ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅವನು ಸೈಟು, ಫ್ಲಾಟು ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಲಿ ಎಂದು ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಯನ್ನು ಸಡಿಲಿಸಿದ್ದು ಇವನಿಗೆ ಉಪಯೋಗಕ್ಕಿಲ್ಲ. ಹಾಗಾಗಿ ಹುಟ್ಟಿ ಬೆಳೆದ ಊರಲ್ಲಿ ಹತ್ತು ಗುಂಟೆ ತೋಟ ಕೊಳ್ಳಲಾಗದ ಅಪ್ಪ, ಎರಡು ಮನೆಯ ಒಡೆಯನಾದ ಮಗನನ್ನು ಬೈಯುವಾಗ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಕೇಳಿಸುತ್ತದೆ. ಮಗನಿಗೆ ಪಹಣಿ ಬೇಡ, ಪೌತಿ ಖಾತೆ ಬೇಡ, ಇ-ಸ್ವತ್ತು ಬೇಡ. ಅಣ್ಣತಮ್ಮಂದಿರ ಸಹಿ ಅಂತೂ ಬೇಡವೇ ಬೇಡ.

ಮನೆಯ ಹೊರಮೈ ಮನುಷ್ಯರ ಶೈಲಿಯದೋ ಓರ್ಕ್‌ಗಳದೋ ಎಲ್ಫ್‌ಗಳದೋ ಇರಬಹುದು. ಒಳಗೆ ಕೋಣೆಗೆ ಕೋಣೆ ಜೋಡಿಸಿ ಬೆಳೆಸಬಹುದು. ಹೊರಗಿನ ಅಳತೆಗೂ ಒಳಗಿನ ಅಳತೆಗೂ ಸಂಬಂಧವಿಲ್ಲ. ಸಾಮಾನನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಗಾಳಿಯಲ್ಲಿ ನಿಲ್ಲಿಸಬಹುದು. ಅಜ್ಜಿ ಕೇಳುವುದು ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎಂದು. ತಾತ ಕೇಳುವುದು ಅಟ್ಟ. ತಿಪಟೂರಿನ ಉಂಡೆ ಕೊಬ್ಬರಿಗೆ ಅಟ್ಟವೇ ಆಧಾರ: ಬಲಿತ ಕಾಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಅಟ್ಟವಿಲ್ಲದ ಮನೆ ಅವರ ಲೆಕ್ಕದಲ್ಲಿ ಬಸ್‌ಸ್ಟ್ಯಾಂಡು. ಅಮೆರಿಕದ ಮನೆಯಲ್ಲಿ ಅಟ್ಟವಿದ್ದರೂ ಅಲ್ಲಿ ಸೂಟ್‌ಕೇಸು ಮಾತ್ರ ಇರುವುದು ಅವರಿಗೆ ಮೊದಲಿಂದಲೂ ಕೊರತೆಯೇ. ಮೊಮ್ಮಗ ಎಲ್ಫ್ ಮನೆಯೊಳಗೆ ಹಲಗೆಗಳನ್ನು ಗಾಳಿಯಲ್ಲಿ ನಿಲ್ಲಿಸಿ ಅಟ್ಟ ಕಟ್ಟಿಕೊಡುತ್ತಾನೆ, ಮೇಲೆ ಕುಗ್ಗಿಸಿದ ಪೀಪಾಯಿಗಳನ್ನು ಕಾಯಿಯಂತೆ ಒಟ್ಟುತ್ತಾನೆ. ಗಾಳಿಯಾಡಲು ಸಂದು ಬಿಟ್ಟಿಲ್ಲವೆಂದು ತಾತ ಅದನ್ನು ಬಿಚ್ಚಿಸುತ್ತಾರೆ.

ಬಡಾವಣೆ ಎರಡು ಬಗೆ. ಸಾರ್ವಜನಿಕ ಬಡಾವಣೆಯಲ್ಲಿ ನೆರೆಯವರು ಯಾರೋ ಏನೋ. ಖಾಸಗಿ ಬಡಾವಣೆಯನ್ನು ಗೆಳೆಯರ ಗುಂಪು ತಾನೇ ಸ್ಥಾಪಿಸಿಕೊಳ್ಳಬಹುದು. ಎಲ್ಲರೂ ಸೇರಿ ಪೂರೈಸಬೇಕಾದ ಸಾಮೂಹಿಕ ಕೆಲಸಗಳೂ ಇರುತ್ತವೆ. ಕನ್ನಡದ ಹುಡುಗರು ಸೇರಿ ಖಾಸಗಿ ಬಡಾವಣೆ ಮಾಡಿದರೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ 1998ರಲ್ಲಿ ಹುಟ್ಟಿತು. ಅದು ಸಾಲದೆಂದು ‘ನಾವಿಕ’ವೂ ಬಂತು. ಐವತ್ತು ಮನೆಯ ಬಡಾವಣೆಗೆ ಒಂದೇ ಸಮಿತಿ ಸಾಕಾಗುವ ಸಂಭವ ಕಡಿಮೆ. ಮೊದಲ ಸಾಮೂಹಿಕ ಕೆಲಸದ ದಿನ ಹದಿನೈದು ಜನ ಅಭಿಪ್ರಾಯ ಕೊಟ್ಟು ಇಬ್ಬರು ದುಡಿಯುತ್ತಾರೆ. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಕುರ್ಚಿ ಎತ್ತಿಡುವವರೂ ಅದೇ ಇಬ್ಬರ ಅಪ್ಪಂದಿರು.

ಆಟದ ಹರಾಜುಕಟ್ಟೆ ಹೊಸದಲ್ಲ, ಆದರೆ ಮನೆಯ ಸಾಮಾನಿನ ವ್ಯಾಪಾರದಿಂದ ಅದಕ್ಕೆ ಹೊಸ ಜೀವ ಬಂದಿದೆ. ಮಾಲನ್ನು 12, 24 ಅಥವಾ 48 ಗಂಟೆಗೆ ಇಡಬಹುದು. ಮಾರಾಟವಾದರೆ ಕಟ್ಟೆಗೆ ಶೇಕಡಾ 5. ತಾತನಿಗೆ ಯಾರೂ ವಿವರಿಸಬೇಕಾಗದ ಭಾಗ ಇದೊಂದೇ. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜು ಕಂಪ್ಯೂಟರಿಗೆ ಬಂದು ವರ್ಷಗಳಾದವು, ಅವರೂ ರೇಟು ನೋಡುವುದು ಫೋನಿನಲ್ಲೇ. ಕಡಿತ ಎಷ್ಟೆಂದು ಮೊದಲೇ ಬರೆದು ಹಾಕಿರುವುದು ಅವರಿಗೆ ಮೆಚ್ಚಿಗೆ. ತೂಕಕ್ಕೆ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಆಟದ ಗಿಡಮೂಲಿಕೆಯ ದರ ಬಿದ್ದಾಗ ಮೊಮ್ಮಗ ಮಾರಲು ಹೊರಟರೆ, “ಇಟ್ಕೊ, ವಿಸ್ತರಣೆ ಬಂದ ವಾರ ಏರುತ್ತೆ” ಎಂದು ತಡೆಯುತ್ತಾರೆ. ಹೊಸ ವಿಸ್ತರಣೆಯ ಮೊದಲ ವಾರಗಳಲ್ಲಿ ಬೆಲೆಯೇರುವುದು ಹೊಸ ಮೂಲಿಕೆಗೆ, ಹಳೆಯದಕ್ಕಲ್ಲ. ಆದರೆ ಅಟ್ಟದ ಮೇಲೆ ಕಾಯಿಟ್ಟು ಬದುಕಿದವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಬೆಲೆ ಮೂರು ಬಗೆ: ಸಾದಾ 49.99 ಡಾಲರ್, ನಡುವಿನದು 69.99, ಎಪಿಕ್ ಎಂಬುದು 89.99. ತಿಂಗಳ ಚಂದಾ 14.99 ಬೇರೆ, ಅದು 2004ರಿಂದ ಬದಲಾಗಿಲ್ಲ. ಎಪಿಕ್‌ನ ಬೆಲೆ ರೂಪಾಯಿಯಲ್ಲಿ ಸುಮಾರು ಎಂಟು ಸಾವಿರ. 2023ರಲ್ಲಿ ಕೊಬ್ಬರಿ ಬಿದ್ದಿದ್ದಾಗಿನ ದರಕ್ಕೆ ಅದು ಹೆಚ್ಚುಕಡಿಮೆ ಒಂದು ಕ್ವಿಂಟಲ್, ಅಂದರೆ ಏಳೆಂಟುನೂರು ಕಾಯಿ. 2025ರ ನಡುವಿನಲ್ಲಿ ಕ್ವಿಂಟಲ್ 25,000 ದಾಟಿದಾಗ ಅದೇ ಆಟ ಮೂವತ್ತು ಕಿಲೋ ಚಿಲ್ಲರೆಗೆ ಇಳಿಯಿತು. ಈ ಲೆಕ್ಕದ ಪ್ರಕಾರ ಆಟ ಅಗ್ಗವಾಗಿದೆ ಎಂದು ತಾತ ತೀರ್ಪು ಕೊಡುತ್ತಾರೆ. ಅಮ್ಮ ಒಪ್ಪುವುದಿಲ್ಲ, ಕನ್ನಡ ಕ್ಲಾಸು ತಪ್ಪಿಸಬಾರದೆಂಬ ಷರತ್ತಿನ ಮೇಲೆ ಸಾದಾಕ್ಕೆ ಮಾತ್ರ ಮಂಜೂರಾತಿ. ಎಪಿಕ್‌ಗೆ ಬೇಕಾದ ಉಳಿದ 40 ಡಾಲರನ್ನು ತಾತ ಸೊಸೆಗೆ ಗೊತ್ತಾಗದಂತೆ ಮೊಮ್ಮಗನ ಕೈಗಿಡುತ್ತಾರೆ. ಅದು ಅವರ ಕೈಖರ್ಚಿಗಿರಲಿ ಎಂದು ಅಪ್ಪ, ಅಮ್ಮನಿಗೆ ಗೊತ್ತಾಗದಂತೆ, ಕೊಟ್ಟಿದ್ದ ದುಡ್ಡು.