ನಾನ್‌ಮೂವಿಂಗ್ ರಾಯರು

ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಬೆಳಗಿನ ವಾಕಿಂಗ್‌ನಲ್ಲಿ ಪರಿಚಯವಾಗಿ ಐದು ನಿಮಿಷವಾಗಿರುವುದಿಲ್ಲ, ‘ಲಿಂಕ್ಡ್‌ಇನ್‌ನಲ್ಲಿ ಇದೀರಾ?’ ಎಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ರಿಕ್ವೆಸ್ಟ್ ಕಳಿಸಿ, ಎದುರಿಗೇ ಒಪ್ಪಿಸಿಕೊಳ್ಳುವವರು. ನಮ್ಮ ಬೀದಿಯಲ್ಲಿ ಅವರು ಸ್ಟೋರ್ಸ್ ರಾಯರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ನಟ್ಟು, ಬೋಲ್ಟು, ಬೇರಿಂಗುಗಳ ಲೆಕ್ಕ ಇಟ್ಟವರು. ಕಾರ್ಖಾನೆ ಬಾಗಿಲು ಹಾಕಿದಾಗ ವಯಸ್ಸು 56. ಪಿಎಫ್ ಪೆನ್ಷನ್ ಪೂರ್ತಿ ಬರಲು 58 ಆಗಬೇಕು. ಹೊಸ ನೌಕರಿ ಸಿಗಲು 35 ಮೀರಿರಬಾರದು. ರಾಯರು ನಡುವೆ ಸಿಕ್ಕಿಕೊಂಡರು.

2003ರಲ್ಲಿ ಲಿಂಕ್ಡ್‌ಇನ್ ಶುರುವಾದಾಗ ರಾಯರು ಕಾರ್ಬನ್ ಹಾಳೆಯಿಟ್ಟು ಇಂಡೆಂಟ್ ಬರೆಯುತ್ತಿದ್ದರು. ಈಗಲೂ ಅದೇ ಕೈ. ಯಾರಾದರೂ ರಿಕ್ವೆಸ್ಟ್ ಒಪ್ಪಿದರೆ ‘ಸರಕು ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಧಾಟಿಯ ಉತ್ತರ, ಬೆನ್ನಿಗೇ ಫೋನು: ‘ತಮ್ಮದು ಯಾವೂರಾಯ್ತು?’ ಕನೆಕ್ಷನ್ನುಗಳಿಗೊಂದು ಲಾಂಗ್ ನೋಟ್‌ಬುಕ್ಕು. ಅದರಲ್ಲಿ ಆವಕ, ಜಾವಕ, ಬಾಕಿ. ಐನೂರು ದಾಟಿದ ದಿನ ಮೈಸೂರುಪಾಕು ಹಂಚಿದರು. ಮರುದಿನ ಮುಖ ಬಾಡಿತ್ತು. ಪ್ರೊಫೈಲಿನಲ್ಲಿ ಅದರಾಚೆಗೆ ಬರೀ ‘500+’ ಎಂದೇ ಕಾಣುತ್ತದಂತೆ. ‘ಎಣಿಸೋದನ್ನೇ ಬಿಟ್ರೆ ಸ್ಟಾಕು ಟ್ಯಾಲಿ ಆಗೋದು ಹೇಗ್ರೀ?’

ಫೋಟೋ ಮಗಳ ಮದುವೆಯದು. ಅಕ್ಕಪಕ್ಕದವರನ್ನೆಲ್ಲ ಕತ್ತರಿಸಿದರೂ ಬೀಗರ ಕೈ ರಾಯರ ಹೆಗಲ ಮೇಲೇ ಉಳಿದಿದೆ. ಅದರ ಸುತ್ತ ‘ಓಪನ್ ಟು ವರ್ಕ್’ ಎಂಬ ಹಸಿರು ಉಂಗುರ ಬಂದ ದಿನ ಮನೆಯವರು ಬೆಚ್ಚಿಬಿದ್ದರು: ‘ಫೋಟೋಗೆ ಹಾರ ಹಾಕಿದ ಹಾಗಿದೆ. ಮೊದ್ಲು ತೆಗೀರಿ!’

ಐದು ಪುಟದ ಬಯೋಡೇಟಾವನ್ನು ಮಗಳು ಒಂದಕ್ಕೆ ಇಳಿಸಿ, ಡಿಪ್ಲೊಮಾದ ಮುಂದಿದ್ದ 1989ನ್ನೂ ಅಳಿಸಿದಳು. ‘ಇಸವಿ ಕಂಡ್ರೆ ವಯಸ್ಸು ಲೆಕ್ಕ ಹಾಕ್ತಾರಪ್ಪ.’ ರಾಯರಿಗೆ ಸಂಕಟ: ‘ತಯಾರಿಕೆ ತಾರೀಖಿಲ್ಲದ ಮಾಲನ್ನ ನಾನು ಗೇಟಿನೊಳಗೇ ಬಿಟ್ಟವನಲ್ಲ ಕಣಮ್ಮಾ!’

ಕೊನೆಗೊಂದು ವಿಡಿಯೋ ಸಂದರ್ಶನ ಬಂತು. ಮೇಲೆ ಇಸ್ತ್ರಿ ಶರಟು, ಕೆಳಗೆ ಪಂಚೆ. ಎಚ್‌ಆರ್ ಹುಡುಗಿ ಕೇಳಿದಳು: ‘ಇನ್ನು ಐದು ವರ್ಷಕ್ಕೆ ನೀವು ಎಲ್ಲಿರ್ತೀರಿ?’ ಸತ್ಯಸಂಧ ರಾಯರು, ‘ಮನೇಲೇ ಇರ್ತೀನಮ್ಮ, ರಿಟೈರ್ ಆಗಿರುತ್ತಲ್ಲ’ ಎಂದರು. ಅಲ್ಲಿಗೆ ಮುಗಿಯಿತು. ಆ ಸಂಜೆ ಕಲ್ಲುಬೆಂಚಿನ ಮೇಲೆ ದನಿ ತಗ್ಗಿಸಿ ಹೇಳಿದರು: ‘ಮೂರು ವರ್ಷ ಯಾರೂ ಕೇಳದ ಐಟಮ್ಮಿಗೆ ನಾನ್‌ಮೂವಿಂಗ್ ಅಂತ ಕೆಂಪು ಚೀಟಿ ಅಂಟಿಸಿ ಹಿಂದಿನ ರ‍್ಯಾಕಿಗೆ ಹಾಕ್ತಿದ್ದೆ. ಈಗ ಚೀಟಿ ಹಸಿರು, ಅಷ್ಟೇ ವ್ಯತ್ಯಾಸ.’

ಬೆಂಚಿನ ಗೆಳೆಯರಾದ ನಾವ್ಯಾರೂ ಕೆಲಸಕ್ಕೆ ಬರಲಿಲ್ಲ. ರಾಯರಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತು. ಬಂದವನು, ಹಿಂದೆ ಮೊಪೆಡ್ಡಿನಲ್ಲಿ ಆಯಿಲ್ ಸೀಲು ತಂದುಕೊಡುತ್ತಿದ್ದ ಹುಡುಗ. ಇಪ್ಪತ್ತು ವರ್ಷದಿಂದ ಮುಖ ಕಂಡಿರಲಿಲ್ಲ. ಈಗ ದಾಬಸ್‌ಪೇಟೆಯಲ್ಲಿ ಒಂದು ಪ್ಲಾಂಟ್ ನೋಡಿಕೊಳ್ಳುತ್ತಾನೆ. ಕಂಡವರ ಕೆಲಸದ ವಾರ್ಷಿಕೋತ್ಸವಕ್ಕೆಲ್ಲ ರಾಯರು ತಪ್ಪದೆ ಹಾಕುವ ‘ಶುಭವಾಗಲಿ’ ಅವನಿಗೂ ಹೋಗಿತ್ತು. ಉತ್ತರ ಬಂತು: ‘ಸಾರ್, ಚಲನ್‌ಗೆ ಸೀಲ್ ಹಾಕೋಕೆ ನೀವು ಒಂದಿನಾನೂ ನನ್ನ ಕಾಯಿಸಲಿಲ್ಲ. ನಮ್ಮ ಸ್ಟೋರ್ಸ್ ಸಂತೆ ಆಗಿದೆ. ಬರ್ತೀರಾ?’

ಕೆಲಸದ ಸುದ್ದಿ ಆಪ್ತರಿಗಿಂತ ಮುಖಪರಿಚಯದವರಿಂದಲೇ ಹೆಚ್ಚು ಬರುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ಬರೆದಿದ್ದರು. ರಾಯರು ಅದನ್ನು ಓದಿಲ್ಲ. ಅವರದು ಬೇರೆ ಸಿದ್ಧಾಂತ: ‘ಮೂಲೇಲಿರೋ ಹಳೇ ಬೇರಿಂಗಿನ ಬೆಲೆ ಗೊತ್ತಾಗೋದು ರಾತ್ರಿ ಪಾಳಿಯಲ್ಲಿ ಮಷೀನು ನಿಂತಾಗ. ಆದ್ರೆ ಅದು ಯಾವ ರ‍್ಯಾಕಲ್ಲಿದೆ ಅಂತ ಒಬ್ಬನಿಗಾದ್ರೂ ನೆನಪಿರಬೇಕು ಕಣ್ರೀ.’

ಈಗ ಬೆಳಗ್ಗೆ ಏಳಕ್ಕೇ ಕಂಪನಿ ಬಸ್ಸು, ಕಲ್ಲುಬೆಂಚು ಖಾಲಿ. ಹಸಿರು ಉಂಗುರವನ್ನು ತೆಗೆದಿದ್ದಾರೆ. ಬೀಗರ ಕೈ ಮಾತ್ರ ಹಾಗೇ ಇದೆ.